ಅಂತಸ್ತುಗಳ ನಡುವೆ ನಿಂತ ಖಂಡಪ್ಪನ ಲಿಫ್ಟು

ಮುಂಬಯಿಯ ಪರೇಲಿನಲ್ಲಿ ಏಳುತ್ತಿದ್ದ ಟವರಿನ ಹೊರಮೈಗುಂಟ ಕೆಲಸಗಾರರನ್ನು ಮೇಲೆ ಕೆಳಗೆ ಸಾಗಿಸುವ ಕಬ್ಬಿಣದ ಲಿಫ್ಟೊಂದಿತ್ತು. ಅದನ್ನು ನಡೆಸುವವನು ಖಂಡಪ್ಪ. ಅಫಜಲಪುರದ ಕಡೆಯವನು. ಹರೆಯದಲ್ಲಿ ಬಂದು ಧಾರಾವಿಯಲ್ಲಿ ನೆಲೆ ನಿಂತು, ಇಟ್ಟಿಗೆ ಹೊತ್ತು, ಸೆಂಟ್ರಿಂಗ್ ಕಟ್ಟಿ, ಕೊನೆಗೆ ಈ ಹಿಡಿಕೆ ಹಿಡಿಯುವ ಮಟ್ಟಕ್ಕೆ ಬಂದಿದ್ದ. ತನಗೆ ಸಕ್ಕರೆ ಕಾಯಿಲೆಯಿದೆ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತೇನೆ ಎಂಬುದನ್ನು ಸೈಟಿನಲ್ಲಿ ಯಾರಿಗೂ ತಿಳಿಯಗೊಟ್ಟಿರಲಿಲ್ಲ.

ಆ ಬೆಳಗ್ಗೆ ಲಿಫ್ಟಿನ ತುಂಬ ಜನ. ಅರ್ಧ ದಾರಿ ಏರುವಷ್ಟರಲ್ಲಿ ಖಂಡಪ್ಪನ ಅಂಗೈ ಬೆವರಿ ಹಿಡಿಕೆ ಜಾರತೊಡಗಿತು. ಗೋಡೆಯ ಮೇಲೆ ಬರೆದ ಅಂತಸ್ತಿನ ಅಂಕಿಗಳು ಎರಡೆರಡಾಗಿ ಕಂಡವು. ಹಿಡಿಕೆಯನ್ನು ಯಾವ ಕಡೆ ತಳ್ಳಿದರೆ ಮೇಲೆ, ಯಾವ ಕಡೆ ತಳ್ಳಿದರೆ ಕೆಳಗೆ ಎಂಬುದೇ ಮರೆತುಹೋಯಿತು. ಕೈ ಬಿಟ್ಟರೆ ಲಿಫ್ಟು ನಿಲ್ಲುತ್ತದೆ ಎಂಬುದೊಂದು ಮಾತ್ರ ಹೇಗೋ ತಲೆಯಲ್ಲಿ ಉಳಿದಿತ್ತು. ಬಿಟ್ಟ. ಎರಡು ಅಂತಸ್ತುಗಳ ನಡುವೆ ಲಿಫ್ಟು ನಿಂತು, ಗಾಳಿಗೆ ಸಣ್ಣಗೆ ನಡುಗಿತು.

ಹಿಂದಿನಿಂದ ಯಾರೋ ಬೈದರು. ಪ್ಲಾಸ್ಟರ್ ಕೆಲಸದ ಸಂತು ಮುಂದೆ ಬಂದು ಇವನ ಬಾಯಿ ಮೂಸಿ ನೋಡಿದ. ಕುಡಿದ ವಾಸನೆ ಇರಲಿಲ್ಲ. ಖಂಡಪ್ಪ ಹೇಳಬೇಕೆಂದರೂ ನಾಲಗೆ ಹೊರಳದು. ಗಾರೆ ಕೆಲಸದ ಶಿವಕುಮಾರಿ ಅವನ ಮುಖ ನೋಡಿದವಳೇ ತನ್ನ ಬಾಟಲಿಯ ಸಿಹಿ ಚಹಾವನ್ನು ಗುಟುಕು ಗುಟುಕಾಗಿ ಕುಡಿಸಿದಳು. ಅವಳ ಅವ್ವನಿಗೂ ಸಕ್ಕರೆ ಇಳಿದಾಗ ಹೀಗೇ ಆಗುತ್ತಿತ್ತಂತೆ. ಕಣ್ಣು ತಿಳಿಯಾಗುವವರೆಗೂ ಅಷ್ಟೂ ಮಂದಿ ಉಸಿರು ಹಿಡಿದು, ಕಂಬಿ ಹಿಡಿದು ನಿಂತಿದ್ದರು.

ಕೆಳಗಿಳಿದಾಗ ಸೂಪರ್‌ವೈಸರ್ ಕೂಗಾಡಲಿಲ್ಲ. ಡಾಕ್ಟರರ ಚೀಟಿ ತಾ, ಇಲ್ಲವಾದರೆ ನಿನ್ನ ಚೀಲ ತಗೊಂಡು ಹೋಗು ಎಂದನಷ್ಟೆ.

ಆಸ್ಪತ್ರೆಯಲ್ಲಿ ಖಂಡಪ್ಪನನ್ನು ನೋಡುತ್ತಿದ್ದವರು ಉಡುಪಿ ಕಡೆಯ ಡಾಕ್ಟರ್ ಹರಿಣಿ. ದುಡಿಯುವ ಜನರ ಸಕ್ಕರೆ ಕಾಯಿಲೆಯ ಬಗ್ಗೆ ಅವರದೊಂದು ಸಂಶೋಧನೆ ನಡೆದಿತ್ತು. ಖಂಡಪ್ಪನೂ ಅದರಲ್ಲಿ ಒಬ್ಬ. ಅವನ ಸಕ್ಕರೆ ಒಂದು ದಿನ ಆಕಾಶಕ್ಕೆ, ಒಂದು ದಿನ ಪಾತಾಳಕ್ಕೆ. ಹೇಳಿದಂತೆ ನಡೆಯದ ರೋಗಿ, ಸಂಶೋಧನೆಯಿಂದ ಕೈಬಿಡೋಣ ಎಂದು ಕಿರಿಯ ಡಾಕ್ಟರ್ ಅನಿಕೇತ್ ಅವನೆದುರೇ ಹಿಂದಿಯಲ್ಲಿ ಹೇಳಿದ.

“ಖಂಡಪ್ಪ ಗಟ್ಟಿ ಅದಾನ ಅಂತ ಒಂದ್ ಚೀಟಿ ಬರದು ಕೊಡ್ರಿ ಮೇಡಂ. ಇಲ್ಲಂದ್ರ ನನ್ನ ಕೆಲಸ ಹೊಕ್ಕೈತಿ.”

ಹರಿಣಿ ಪೆನ್ನು ಎತ್ತಲಿಲ್ಲ. ಬೆಳಗ್ಗೆ ಕಣ್ಣು ಬಿಟ್ಟಲ್ಲಿಂದ ಏನೇನು ಮಾಡುತ್ತೀರಿ, ಅದನ್ನು ಹೇಳಿ ಎಂದರು. ಅವನು ಹೇಳಿದ. ಹೆಂಡತಿ ಹನುಮವ್ವ ಒಲೆ ಹಚ್ಚುವ ಮೊದಲೇ ಮನೆ ಬಿಡಬೇಕು. ಸೈಟಿನಲ್ಲಿ ಯಾರಾದರೂ ನೋಡಿಯಾರೆಂದು ಸೂಜಿ ಚುಚ್ಚಿಕೊಳ್ಳುವುದು ಮನೆಯಲ್ಲೇ. ಲಿಫ್ಟು ಬಿಟ್ಟು ಇಳಿಯುವಂತಿಲ್ಲ. ಹಾಗಾಗಿ ಚಹಾದ ಬಿಡುವಿನ ತನಕ ಊಟವಿಲ್ಲ, ನೀರೂ ಇಲ್ಲ. ತಲೆ ತಿರುಗುವ ಅಂಜಿಕೆಗೆ ಕೆಲವು ದಿನ ಸೂಜಿಯನ್ನೇ ಬಿಡುತ್ತಿದ್ದ.

ಹರಿಣಿ ಹಿಂದಿಗೆ ತಿರುಗಿಸುತ್ತಿದ್ದುದನ್ನು ಕೇಳುತ್ತ ಕೇಳುತ್ತ ಅನಿಕೇತ್ ತಲೆ ತಗ್ಗಿಸಿದ್ದ. ಹರಿಣಿ ಖಂಡಪ್ಪನತ್ತ ತಿರುಗಿದರು.

“ಇದನ್ನು ನಾವು ಮೊದಲೇ ಕೇಳಬೇಕಿತ್ತು. ನಿಮಗೆ ಕೊಟ್ಟ ಔಷಧ ನಿಮ್ಮ ದಿನಕ್ಕೆ ಹೊಂದುವಂಥದ್ದೇ ಅಲ್ಲ. ಆದ್ರೆ ಚೀಟಿ ಇವತ್ತು ಕೊಡ್ಲಿಕ್ಕೆ ಆಗುದಿಲ್ಲ, ಖಂಡಪ್ಪನವರೇ. ಆ ಲಿಫ್ಟಿನಲ್ಲಿ ನೀವೊಬ್ರೇ ಇರುದಲ್ಲ.”

ಖಂಡಪ್ಪನ ಮೈ ಉರಿಯಿತು. ಇಷ್ಟೆಲ್ಲ ಬಾಯಿ ಬಿಡಿಸಿ ಕಡೆಗೆ ಇದಾ? ಜೇಬಿನಿಂದ ಇನ್ಸುಲಿನ್ ಚುಚ್ಚುವ ಪೆನ್ನು ತೆಗೆದು ಮೇಜಿನ ಮೇಲೆ ಕುಕ್ಕಿ ಎದ್ದು ಹೋದ.

ಮರುದಿನ ಹರಿಣಿಯವರೇ ಫೋನು ಮಾಡಿದರು. ನಿಮ್ಮ ಸೈಟಿಗೆ ಬರಲೇ ಎಂದು ಅವನನ್ನೇ ಕೇಳಿದರು. ನೀವು ಬೇಡವೆಂದರೆ ಬರುವುದಿಲ್ಲ ಎಂದೂ ಹೇಳಿದರು. ಹನುಮವ್ವ ಮೊಣಕೈಯಿಂದ ತಿವಿದ ಮೇಲೆ ಖಂಡಪ್ಪ ಹೂಂ ಅಂದ.

ಹರಿಣಿ ಸೈಟಿಗೆ ಬಂದಾಗ, ರೋಗದ ಮನುಷ್ಯನನ್ನು ಇಟ್ಟುಕೊಂಡು ತಲೆನೋವು ಯಾಕೆ ಎಂದು ಸೂಪರ್‌ವೈಸರ್ ಮುಖ ತಿರುಗಿಸಿದ. ಹರಿಣಿ ಬಿಡಲಿಲ್ಲ. ಇವರನ್ನು ಓಡಿಸಿದರೆ ಸಕ್ಕರೆ ಇರುವ ಉಳಿದವರೆಲ್ಲ ಇನ್ನೂ ಗಟ್ಟಿಯಾಗಿ ಮುಚ್ಚಿಡುತ್ತಾರೆ, ಅವರಲ್ಲಿ ಯಾರು ನಿಮ್ಮ ಕ್ರೇನಿನ ಮೇಲೆ ಕೂತಿದ್ದಾರೋ ನಿಮಗೆ ಗೊತ್ತೇ ಆಗುವುದಿಲ್ಲ ಎಂದರು. ಅವನು ಮೇಲೆ ತಿರುಗುತ್ತಿದ್ದ ಕ್ರೇನನ್ನು ಒಮ್ಮೆ ನೋಡಿದ. ಸದ್ಯಕ್ಕೆ ಗೇಟಿನಲ್ಲಿ ಕೂರಲಿ ಎಂದ.

ಔಷಧ ಬದಲಾಯಿತು. ತೋಳಿಗೆ ಸಕ್ಕರೆ ಅಳೆಯುವ ಬಿಲ್ಲೆ ಅಂಟಿಸಿದರು. ಮೊದಮೊದಲು ಸಕ್ಕರೆ ಏರಿಳಿದು ಅದಕ್ಕೆ ಜೋಡಿಸಿದ ಫೋನು ಕೂಗಿದಾಗಲೆಲ್ಲ ಖಂಡಪ್ಪ ಬೆಚ್ಚಿ ಏಳುತ್ತಿದ್ದ. ಬರಬರುತ್ತ ಕೂಗುವುದೇ ಅಪರೂಪವಾಯಿತು. ಅತ್ತ ಸಂಶೋಧನೆಯಲ್ಲಿ ಅನಿಕೇತ್ ಒಬ್ಬೊಬ್ಬರನ್ನೂ ಮತ್ತೆ ಕೂರಿಸಿ, ಉಣ್ಣುವುದು ಯಾವಾಗ, ಎಲ್ಲಿ ಎಂದು ಕೇಳತೊಡಗಿದ. ಅಂಧೇರಿಯ ಹೋಟೆಲೊಂದರ ಅಡುಗೆಯವನು, ಗಿರಾಕಿಗಳೆಲ್ಲ ಉಂಡೇಳುವ ತನಕ ತಾನು ಉಪವಾಸವಿರುತ್ತಿದ್ದುದು ಆಗಲೇ ತಿಳಿದದ್ದು. ಅವನ ಔಷಧವೂ ಬದಲಾಯಿತು.

ಮಳೆಗಾಲ ಮುಗಿದ ಮೇಲೆ ಹರಿಣಿ ಚೀಟಿ ಬರೆದರು. ಉಂಡೇ ಲಿಫ್ಟು ಹತ್ತಬೇಕು, ಹತ್ತುವ ಮೊದಲು ಸಕ್ಕರೆ ನೋಡಬೇಕು, ಕೈ ಬದಲಿಸಲು ಇನ್ನೊಬ್ಬ ಇರಬೇಕು ಎಂಬ ಷರತ್ತುಗಳಿದ್ದವು. ಸೂಪರ್‌ವೈಸರ್ ಗೊಣಗುತ್ತಲೇ ಒಪ್ಪಿದ.

ಮೊದಲ ದಿನ ಖಂಡಪ್ಪ ಎಲ್ಲರೆದುರೇ ರೊಟ್ಟಿ ತಿಂದು, ಸಕ್ಕರೆಯ ಅಂಕಿ ನೋಡಿಕೊಂಡು ಲಿಫ್ಟು ಹತ್ತಿದ. ಅರ್ಧ ಏರಿದಾಗ ಅಂಗೈ ಮತ್ತೆ ಬೆವರಿತು. ಮುಂದಿನ ಅಂತಸ್ತಿನಲ್ಲಿ ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಬಿಲ್ಲೆಯೊಂದನ್ನೇ ನಂಬದೆ ಬೆರಳು ಚುಚ್ಚಿ ನೋಡಿದ. ಸಕ್ಕರೆ ಸರಿಯಾಗಿಯೇ ಇತ್ತು.

“ಏನಾತ್ರೀ ಕಾಕಾ?” ಎಂದಳು ಶಿವಕುಮಾರಿ.

“ಏನಿಲ್ಲವ್ವ. ಅಂಜಿಕಿ ಬಂದಿತ್ತು, ಅಷ್ಟ,” ಎಂದು ಬಾಗಿಲು ಎಳೆದುಕೊಂಡು ಹಿಡಿಕೆ ತಳ್ಳಿದ.