ಎರೆಹುಳಕ್ಕೆ ಹಾಕಿದ ಉಪ್ಪು

ಬೊಬ್ರುವಾಡದ ನಮ್ಮ ತವರಿನಲ್ಲಿ ಎರೆಹುಳ ಅಗೆಯುವ ಕೆಲಸ ಚಿಕ್ಕಂದಿನಿಂದಲೂ ನನ್ನದು. ಬಚ್ಚಲ ನೀರು ಹರಿದು ಬಾಳೆಯ ಬುಡಕ್ಕೆ ಹೋಗುವ ಕಡೆ ಮಣ್ಣು ಕೆದಕಿದರೆ ದಪ್ಪ ಹುಳ ಸಿಗುತ್ತವೆ. ಅವನ್ನು ಹಸಿಮಣ್ಣಿನ ಜೊತೆ ತೆಂಗಿನ ಗರಟೆಗೆ ತುಂಬಿ ಕೆರೆಗೆ ಒಯ್ದು ಕೊಡುತ್ತಿದ್ದೆ. ಗಾಳ ಹಾಕುವವರು ಅಪ್ಪ ಮತ್ತು ತಮ್ಮ. ಹುಳವನ್ನು ಕೊಕ್ಕೆಗೆ ಪೂರ್ತಿ ಪೋಣಿಸಬಾರದು, ತುದಿ ಅಲ್ಲಾಡುತ್ತಿರಬೇಕು ಎಂಬುದನ್ನೆಲ್ಲ ನಾನು ಹಿಂದೆ ನಿಂತು ನೋಡಿಯೇ ಕಲಿತೆ. ಮಾಡಿ ತೋರಿಸುವ ದಿನ ಮಾತ್ರ ಬರಲಿಲ್ಲ. ಮದುವೆಯಾಗಿ ಕಾರವಾರ ಸೇರಿದೆ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ತವರಿಗೆ ಹೋದರೆ, ಕೆರೆ ದಂಡೆಯಲ್ಲಿ ಅಪ್ಪನ ಪಕ್ಕ ತಮ್ಮನ ಹೆಂಡತಿ ಕೂತಿದ್ದಾಳೆ. ಕೈಯಲ್ಲಿ ಗಾಳದ ಕೋಲು! ಅವಳು ನಮ್ಮ ಮನೆಗೆ ಬಂದು ವರ್ಷವೂ ತುಂಬಿರಲಿಲ್ಲ. ಅಪ್ಪ ಮಕ್ಕಳ ಹಾಗೆ, “ತಡಿ, ತಡಿ... ಈಗ ಎಳಿ!” ಎಂದು ಕೂಗುತ್ತಿದ್ದ. ಅಂದು ಅವಳು ಮಾಡಿದ ಸಾರಿಗೆ ಹುಳಿ ಜಾಸ್ತಿ ಎಂದೆ. ಜಾಸ್ತಿಯೇನೂ ಇರಲಿಲ್ಲ.

ಮುಂದಿನ ಭಾನುವಾರ ನಾನು ಬೇಕೆಂದೇ ಬೇಗ ಹೋದೆ. ಅಷ್ಟರಲ್ಲಿ ಅವಳು ಹುಳವನ್ನೂ ಅಗೆದಿಟ್ಟಿದ್ದಳು. ನನಗೆಂದು ಉಳಿದಿದ್ದ ಆ ಒಂದು ಕೆಲಸವೂ ಹೋಯಿತು. ನಾನು ಅಡುಗೆಮನೆ ಬಾಗಿಲಲ್ಲಿ ಚಾ ಕುಡಿಯುತ್ತ ನಿಂತಿದ್ದಾಗ ಅವಳು ಉಪ್ಪಿನ ಭರಣಿ ತೆಗೆದು, ಗರಟೆಯೊಳಗೆ ಒಂದು ಮುಷ್ಟಿ ಉಪ್ಪು ಉದುರಿಸಿದಳು. ಅವಳ ತವರು ಕಡಲದಂಡೆಯ ಬೈತಖೋಲ. ಅಲ್ಲಿ ಅವರ ಮನೆಯಲ್ಲಿ ಗಾಳಕ್ಕೆ ಸಿಕ್ಕಿಸುವ ಸಿಗಡಿಗೆ, ಕೆಡದಿರಲೆಂದು ಉಪ್ಪು ಹಾಕಿಡುತ್ತಿದ್ದರಂತೆ. ಎರೆಹುಳಕ್ಕೆ ಉಪ್ಪು ತಾಗಿದರೆ ಏನಾಗುತ್ತದೆಂದು ನನಗೆ ಗೊತ್ತು. ಬಾಯಿ ಬಿಡಲಿಲ್ಲ. ಚಾ ಆ ದಿನ ಬಹಳ ರುಚಿಯಾಗಿತ್ತು.

ಹೊತ್ತು ಇಳಿಯುವಾಗ ಅಪ್ಪ, ಅವಳು, ನಾನು ಮೂವರೂ ಕೆರೆಗೆ ಹೋದೆವು. ಅಪ್ಪ ಗರಟೆಗೆ ಬೆರಳು ಹಾಕಿದ. ಬರೀ ಲೋಳೆ. “ಕೆಡಬಾರ್ದು ಅಂತ ಉಪ್ಪು ಹಾಕಿದ್ದೆ,” ಎಂದಳು ಅವಳು. ಈಗ ಬೈಗುಳ ಬೀಳುತ್ತದೆ ಎಂದು ಕಾದೆ. ಅಪ್ಪ ಬಿದ್ದು ಬಿದ್ದು ನಕ್ಕ.

“ಪಾಪ, ಅದಕ್ಕೆಂತ ಗೊತ್ತು!” ಎಂದವನು ನನ್ನ ಕಡೆ ತಿರುಗಿ, “ನೀ ಓಡಿ ಹೋಗಿ ನಾಕು ಹುಳ ಅಗ್ದು ತಾ. ಹುಳ ಹುಡುಕೂಕೆ ನಿನ್ನಷ್ಟು ಯಾರಿಗೂ ಬರೂದಿಲ್ಲ” ಎಂದ.

ತಡೆದುಕೊಳ್ಳಲಾಗಲಿಲ್ಲ. “ಹುಟ್ಟಿದಾಗಿಂದ ಹುಳ ತಂದದ್ದೇ ಬಂತು. ಒಂದಿನಾದ್ರೂ ನನ್ನ ಕೈಗೆ ಗಾಳ ಕೊಟ್ಯಾ?”

ಅಪ್ಪ ಗಾಬರಿಯಾದ. “ನೀ ಯಾವತ್ತು ಕೇಳಿದ್ಯೆ? ಗರಟೆ ಇಟ್ಟು ಸುಮ್ನೆ ಹಿಂದೆ ನಿಲ್ತಿದ್ದೆ. ನಿಂಗೆ ಮೀನು ಹಿಡಿಯೂದು ಬ್ಯಾಡ ಅಂತಲೇ ತಿಳ್ಕಂಡಿದ್ದೆ. ಇವಳು ಬಂದ ತಿಂಗಳೇ ಕೇಳಿದ್ಳು.”

ನೆನಪು ಮಾಡಿಕೊಂಡೆ. ಹೌದು, ಕೇಳಿರಲಿಲ್ಲ. ಕರೆಯಲಿ ಎಂದು ಕಾದಿದ್ದೆ, ಅಷ್ಟೇ.

“ಅಕ್ಕ, ಇವತ್ತು ನೀವೇ ಹಾಕಿ,” ಎಂದು ತಮ್ಮನ ಹೆಂಡತಿ ಕೋಲನ್ನು ನನ್ನ ಕೈಗಿಟ್ಟಳು. ಕೆರೆಯ ಮೇಲಿನ ಬೆಳಕು ಆಗಲೇ ಹೋಗುತ್ತಿತ್ತು. ಮನೆಗೆ ಹೋಗಿ ಅಗೆದು ತರುವಷ್ಟು ಹೊತ್ತು ಇರಲಿಲ್ಲ. ಕೊನೆಗೂ ಅಪ್ಪನ ಪಕ್ಕ ಗಾಳ ಹಿಡಿದು ಕೂತೆ, ಕೊಕ್ಕೆಗೆ ಸಿಕ್ಕಿಸಲು ಒಂದು ಹುಳವೂ ಇಲ್ಲದೆ.