ಅರಿಶಿಣ ಹಚ್ಚಿದ ಲಕೋಟೆ

ಇದು ಎಪ್ಪತ್ತರ ದಶಕದ ಕೊನೆಯೋ ಎಂಬತ್ತರ ಆರಂಭವೋ, ಖಾತ್ರಿಯಿಲ್ಲ. ಆಗಿನ ನನ್ನ ದಿನಚರಿಯನ್ನೂ ಪೂರ್ತಿ ನಂಬಲಾರೆ. ಅದನ್ನು ಬರೆದವಳೂ ನಾನೇ.

ಅಪ್ಪ ಗದಗಿನಲ್ಲಿ ಬಡ ವಿದ್ಯಾರ್ಥಿಗಳ ವಸತಿಗೃಹವೊಂದರ ಕಾರ್ಯದರ್ಶಿ. ದೇಣಿಗೆಗಾಗಿ ಮನೆಮನೆ ತಿರುಗಿ ಚಪ್ಪಲಿ ಸವೆಸುವುದೇಕೆಂದು ವಿನಂತಿಪತ್ರ ಅಚ್ಚು ಹಾಕಿಸಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗೆಲ್ಲ ಅಂಚೆಯಲ್ಲಿ ಕಳಿಸಿದ. ಜನ ಒಡೆಯದೆಯೇ ಒಲೆಗೆ ಹಾಕಿದರು. ಆಗ ಅವನಿಗೆ ಜ್ಞಾನೋದಯವಾಯಿತು: ಲಕೋಟೆಯ ಮೂಲೆಗೆ ಅರಿಶಿಣ ಹಚ್ಚಿದರೆ ಮದುವೆಪತ್ರವೆಂದು ಇಡೀ ಮನೆ ಸುತ್ತ ಕುಳಿತು ಓದುತ್ತದೆ! ಓದಿದವರು ಸುಮ್ಮನಿರಲಾಗದೆ, ಮದುವೆಮನೆಗೆ ಆಯೇರಿಯ ಉಡುಗೊರೆ ಕೊಟ್ಟಂತೆ ಮನಿಯಾರ್ಡರು ಮಾಡಿದರು. ಮರುವರ್ಷ ಗೋಶಾಲೆ, ವಾಚನಾಲಯ, ಭಜನಾ ಮಂಡಳಿ ಎಲ್ಲವೂ ಅರಿಶಿಣ ಕಲಸಿದವು. ನಮ್ಮ ಸೀಮೆಯಲ್ಲಿ ಅಷ್ಟು ಶುಭಕಾರ್ಯ ಹಿಂದೆಂದೂ ನಡೆದಿರಲಿಕ್ಕಿಲ್ಲ.

ಯಾರೋ ದೂರು ಕೊಟ್ಟರು. ಮೇಲಿನ ಕಚೇರಿಯಿಂದ ಆದೇಶ ಬಂತು: ಲಕೋಟೆಯ ಮೇಲೆ ನೋಂದಣಿ ಸಂಖ್ಯೆ ಇರಬೇಕು, 'ದೇಣಿಗೆ ವಿನಂತಿ' ಎಂದು ದಪ್ಪಕ್ಷರದಲ್ಲಿ ಅಚ್ಚಾಗಬೇಕು.

"ಅರಿಶಿಣ ಹಚ್ಚಬ್ಯಾಡ್ರಿ ಅಂತ ಎಲ್ಲಿ ಬರದಾರ? ತೋರ್ಸು ನೋಡೂಣು!" ಎಂದು ಅಪ್ಪ ಸರಕಾರವನ್ನೇ ಗೆದ್ದ.

ಆದರೆ ವಸತಿಗೃಹದ ಹೆಸರಷ್ಟೇ ಇದ್ದ ಹಳೆಯ ಲಕೋಟೆಗಳು ದೇಣಿಗೆ ಕೇಳಲು ಬಾರದಾದವು. ಅದೇ ವರ್ಷ ನನ್ನ ಮದುವೆ ಗೊತ್ತಾಯಿತು.

"ಅರಿಶಿಣ ಹಚ್ಚಿದ್ದು ತಯಾರ ಅದಾವಲ್ಲ, ಕೆಡಸೂದ್ಯಾಕ?" ಎಂದ ಅಪ್ಪ. ಆ ಲಕೋಟೆಗಳಲ್ಲೇ ಮದುವೆಪತ್ರ ತುಂಬಿ, ದೇಣಿಗೆಯ ಪಟ್ಟಿಯಿಂದಲೇ ನನ್ನ ಮದುವೆಗೂ ಕರೆದ. ಆದರ್ಶ ಕಾರ್ಯದರ್ಶಿ.

ಮುಂಡರಗಿಯ ಅತ್ತೆ, ಅಪ್ಪನ ಒಬ್ಬಳೇ ಅಕ್ಕ, ನನ್ನನ್ನು ಎತ್ತಿ ಆಡಿಸಿದವಳು, ಬರಲಿಲ್ಲ. ಬಾಸಿಂಗ ಕಟ್ಟುವಾಗಲೂ ನಾನು ಬಾಗಿಲ ಕಡೆಗೇ ನೋಡುತ್ತಿದ್ದೆ. ಅವಳು ಎತ್ತಬೇಕಾದ ಆರತಿಯನ್ನು ಇನ್ಯಾರೋ ಎತ್ತಿದರು. ಯಾರೆಂಬುದು ನೆನಪಿಲ್ಲ.

ತವರಿಗೆ ಬಂದಾಗ ನಾನೇ ಮುಂಡರಗಿಗೆ ಹೋದೆ.

"ಬಾ ಯವ್ವಾ, ಕುಂಡ್ರು. ನಿಮ್ಮಪ್ಪನ ಲಕೋಟಿ ಬಂದಿತ್ತು. ಮತ್ತ ರೊಕ್ಕ ಕೇಳ್ಯಾನ ಅಂತ ನೀರೊಲಿಗೆ ಹಾಕಿದ್ನಿ" ಎಂದಳು ಅತ್ತೆ.

"ಹಂಗಾದ್ರ ಮದಿವಿ ಖಬರ ಇರಲಿಲ್ಲೇನು?"

"ಇತ್ತು. ಊರಮಂದಿ ಹೇಳಿದ್ರು. ಕರಿಯಾಕ ನಮ್ಮ ತಮ್ಮ ತಾನ ಬರ್ತಾನಂತ ಕಾಯ್ಕೊಂತ ಕುಂತಿದ್ನಿ."

ಗದಗಿಗೆ ಮರಳಿದಾಗ ಅಪ್ಪ ಹೊಸ ಲಕೋಟೆಗಳನ್ನು ಮುಂದೆ ಹರಡಿಕೊಂಡು ಮೂಲೆಮೂಲೆಗೆ ಅರಿಶಿಣ ಹಚ್ಚುತ್ತಿದ್ದ. ನಾನು ಕೇಳಿದ್ದು ಇಷ್ಟೇ:

"ಅಪ್ಪಾ, ಮುಂಡರಗಿಗೆ ಬಸ್ಸು ಇರಲಿಲ್ಲೇನು?"