ಹನ್ನೊಂದು ಇಪ್ಪತ್ತರ ಚಿತ್ರ

ಮೇ ತಿಂಗಳ ರಜೆಗೆ ತಿತಿಮತಿಯ ಬಸ್ಸಿಳಿದಾಗ ಶೋಭಿತಾಳ ತಲೆಯಲ್ಲಿ ಪ್ರಜ್ಞೇಶ್ ಸರ್ ಹಾಕಿದ ಕಟ್ಟಳೆಗಳನ್ನು ಬಿಟ್ಟು ಬೇರೇನೂ ಇರಲಿಲ್ಲ. ಮೈಸೂರಿನ ಚಿತ್ರಕಲಾ ಕಾಲೇಜೊಂದರಲ್ಲಿ ಅವಳದು ಎರಡನೇ ವರ್ಷ. ರಜೆ ಮುಗಿಯುವುದರೊಳಗೆ ನೂರು ಸ್ಕೆಚ್ ಆಗಬೇಕು. ಪೆನ್ನಿನಲ್ಲೇ ಬರೆಯಬೇಕು, ಅಳಿಸುವ ಹಾಗಿಲ್ಲ. ಯಾರಿಂದಲೂ ಪೋಸು ಕೊಡಿಸುವ ಹಾಗಿಲ್ಲ. ಗಿಡ, ಮರ, ಬೆಟ್ಟ ಅಂತ ಹಿನ್ನೆಲೆ ಬೇಡ, ಬರೀ ಮನುಷ್ಯರು ಸಾಕು. ಪ್ರತಿ ಚಿತ್ರದ ಕೆಳಗೆ ತಾರೀಖು, ಸಮಯ, ಜಾಗ ಇರಲೇಬೇಕು. ದಿನದ ಚಿತ್ರ ಆ ದಿನವೇ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಬೀಳಬೇಕು. ಕೊನೆಗೆ ಸರ್ ಆರಿಸಿದ್ದು ಕಾಲೇಜಿನ ಪೇಜಿಗೆ ಹೋಗುತ್ತದೆ. ನಲವತ್ತು ಜನರಲ್ಲಿ ಪೇಂಟಿಂಗ್ ವಿಭಾಗಕ್ಕೆ ತೆಗೆದುಕೊಳ್ಳುವುದು ಹನ್ನೆರಡೇ ಜನರನ್ನು, ಅದೂ ಈ ನೂರು ಸ್ಕೆಚ್ ನೋಡಿ. ಉಳಿದವರು ಜಾಹೀರಾತು ವಿಭಾಗಕ್ಕೆ ಹೋಗಬೇಕು. ಆ ಹನ್ನೆರಡರಲ್ಲಿ ತಾನೊಬ್ಬಳಾಗಬೇಕು ಎನ್ನುವುದನ್ನು ಬಿಟ್ಟರೆ ಶೋಭಿತಾಳಿಗೆ ಈ ಎರಡು ವರ್ಷ ಬೇರೆ ಯಾವ ಆಸೆಯೂ ಇರಲಿಲ್ಲ.

ಅವಳ ಅಪ್ಪ ಗೋಪಿನಾಥ ಊರಿನಾಚೆ, ಕಾಡಿಗೆ ತಾಗಿಕೊಂಡಿರುವ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಬೆಳಿಗ್ಗೆ ಹೆಸರು ಕೂಗುವುದು, ಕೆಲಸ ಹಂಚುವುದು, ಹಾಜರಿ ಬರೆಯುವುದು ಅವನ ಉದ್ಯೋಗ. ಮನೆಯ ಹಿಂದೆಯೇ ಕೆಲಸಗಾರರ ಸಾಲುಮನೆಗಳು, ಅಂದರೆ ಲೈನುಗಳು. ಬರೆಯಲು ಮನುಷ್ಯರಿಗೇನು ಬರವೇ, ನೂರಲ್ಲ ಇನ್ನೂರು ಬರೆದು ಬಿಸಾಡುತ್ತೇನೆ ಎಂದು ಶೋಭಿತಾ ಹಾರಾಡಿಕೊಂಡೇ ಬಂದಳು.

ಮೊದಲ ವಾರಕ್ಕೇ ತಲೆ ಚಿಟ್ಟು ಹಿಡಿಯಿತು. ಕಾಫಿ ಗಿಡದ ಬೇಡದ ಚಿಗುರು ಕೀಳುತ್ತಿದ್ದ ಕೆಂಚ, ಅವಳು ಪುಸ್ತಕ ಬಿಚ್ಚಿದ ಕೂಡಲೇ ಕೆಲಸ ಬಿಟ್ಟು, ಕೂದಲಿಗೆ ನೀರು ಸವರಿ, ಆಧಾರ್ ಕಾರ್ಡಿಗೆ ಫೋಟೋ ಹಿಡಿಸುವವನಂತೆ ನೆಟ್ಟಗೆ ನಿಂತುಬಿಡುತ್ತಿದ್ದ. ಅವನ ಅತ್ತೆ ದೊಡ್ಡಿಗೆ ಅರವತ್ತು ದಾಟಿತ್ತು, ಆದರೂ ಅವಳ ತಕರಾರೇ ತಕರಾರು.

“ಮೂಗುಬೊಟ್ಟು ಎಲ್ಲಿ ಕೂಸೇ? ನಂಗೆ ಮೂಗೇ ಇಲ್ವಲ್ಲ ಇದ್ರಲ್ಲಿ.”

“ಅಜ್ಜಿ, ಇದು ಮುಖದ ಚಿತ್ರ ಅಲ್ಲ. ನೀವು ಬಗ್ಗೋ ರೀತಿ ಬರೀತಿದ್ದೀನಿ.”

“ಬಗ್ಗೋದೇನು ನೋಡಾದು? ಮೂಗು ಬರಿ.”

ಮನೆಗೆ ಬಂದರೆ ಅಮ್ಮ ಗೋಮತಿಯದು ಇನ್ನೊಂದು ರಾಗ. ಕಣ್ಣಿಲ್ಲ, ಮೂಗಿಲ್ಲ, ಇದಕ್ಕಾ ಹಾಸ್ಟೆಲ್ಲಿಗೆ ಕಳಿಸಿದ್ದು ಎಂದು ಒಲೆಯ ಮುಂದೆ ನಿಂತು ಗೊಣಗುವುದು. ಗ್ರೂಪಿನಲ್ಲಿ ಸರ್ ಪ್ರತಿ ರಾತ್ರಿ ಒಂದೇ ಮಾತು ಬರೆಯುತ್ತಿದ್ದರು: ಇವರು ಮರದ ಗೊಂಬೆಗಳು, ಮತ್ತೆ ಮಾಡು. ಉಳಿದ ಮೂವತ್ತೊಂಬತ್ತು ಜನರೂ ಅದನ್ನು ಓದುತ್ತಿದ್ದರು. ಶೋಭಿತಾಳಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

ಎರಡನೇ ವಾರಕ್ಕೆ ಜನಕ್ಕೆ ಅವಳನ್ನು ನೋಡಿ ನೋಡಿ ಬೇಜಾರಾಯಿತು. ಪುಸ್ತಕ ಬಿಚ್ಚಿದರೂ ಯಾರೂ ತಿರುಗಿ ನೋಡಲಿಲ್ಲ. ಚಹಾದ ಹೊತ್ತಿಗೆ ದೊಡ್ಡಿ ಎರಡೂ ಕಾಲು ಉದ್ದಕ್ಕೆ ಚಾಚಿ, ಒಂದು ಕೈ ಸೊಂಟಕ್ಕೆ ಕೊಟ್ಟು, ಎಲೆ ಅಡಿಕೆ ಅಗಿಯುತ್ತ ಕೂರುತ್ತಿದ್ದಳು. ಅವಳ ಬೆನ್ನಿನ ದಣಿವೆಲ್ಲ ಆ ಚಾಚಿದ ಕಾಲಿನಲ್ಲಿ ಇಳಿದುಹೋಗುತ್ತಿರುವುದು ಶೋಭಿತಾಳ ಪೆನ್ನಿಗೆ ಒಂದು ದಿನ ಸಿಕ್ಕೇಬಿಟ್ಟಿತು. ನಾಲ್ಕೇ ಗೆರೆ. ಈಗ ಬಂತು ನೋಡು, ಇದನ್ನೇ ಹಿಡಿ ಎಂದು ಸರ್ ಬರೆದರು. ಅವಳಿಗೆ ಅನ್ನ ಸೇರದಷ್ಟು ಖುಷಿ. ಅವತ್ತಿನಿಂದ ಚಿತ್ರಗಳನ್ನು ತನ್ನ ವಾಟ್ಸಾಪ್ ಸ್ಟೇಟಸ್ಸಿಗೂ ಹಾಕತೊಡಗಿದಳು. ಅಲ್ಲಿ ದಿನವೂ ತಪ್ಪದೆ ಕೆಂಪು ಹೃದಯ ಒತ್ತುತ್ತಿದ್ದವರು ಎಸ್ಟೇಟಿನ ಒಡತಿ ಬೋಜಮ್ಮ. ವಾರವೆಲ್ಲ ಮೈಸೂರಿನ ಮಗಳ ಮನೆಯಲ್ಲಿದ್ದು, ಶನಿವಾರ ಮಾತ್ರ ತೋಟದ ಬಂಗಲೆಗೆ ಬರುವವರು. ಕಾಲೇಜಿನ ಪೇಜನ್ನೂ ಇವಳ ಚಿತ್ರಕ್ಕಾಗಿಯೇ ಫಾಲೋ ಮಾಡುತ್ತಿದ್ದರು.

ಎಡವಟ್ಟಾಗಿದ್ದು ಒಂದು ಬುಧವಾರ. ಆರು ಜನ ತೋಟದ ಕೆಳಗಿನ ಬ್ಲಾಕಿನಲ್ಲಿ ಚಿಗುರು ಕೀಳುತ್ತಿದ್ದರು. ಹನ್ನೊಂದಕ್ಕೆ ಫಾರೆಸ್ಟಿನವರ ಮೆಸೇಜ್ ಬಂತು, ಕೆರೆ ದಂಡೆಯಲ್ಲಿ ಮರಿ ಇರುವ ಆನೆ ನಿಂತಿದೆ, ಯಾರೂ ಅತ್ತ ಸುಳಿಯಬೇಡಿ ಎಂದು. ಎಲ್ಲರೂ ಮೇಲೆ ನಾಲ್ಕನೇ ಬ್ಲಾಕಿನ ರಸ್ತೆಗೆ ಓಡಿ ಬಂದು ಕೂತರು. ಆನೆ ಕಾಡಿಗೆ ಇಳಿಯಲು ಒಂದು ಗಂಟೆ ತೆಗೆದುಕೊಂಡಿತು. ಗೊಬ್ಬರ ತರಲು ಗೋಪಿನಾಥ ಗೋಣಿಕೊಪ್ಪಕ್ಕೆ ಹೋಗಿದ್ದ. ಶೋಭಿತಾ ಆ ಒಂದು ಗಂಟೆಯಲ್ಲಿ ರಜೆಯ ಅತ್ಯುತ್ತಮ ಚಿತ್ರ ಬರೆದಳು. ಆರು ಜನ, ಒಬ್ಬರ ಬೆನ್ನಿಗೊಬ್ಬರು ಒರಗಿ, ಕೆಂಚ ಅಂಗಾತ ಮಲಗಿ, ದೊಡ್ಡಿ ಕಾಲು ಚಾಚಿ. ಹಿನ್ನೆಲೆ ಇಲ್ಲ. ಕೆಳಗೆ ಅಚ್ಚುಕಟ್ಟಾಗಿ ತಾರೀಖು, ಬೆಳಿಗ್ಗೆ ಹನ್ನೊಂದು ಇಪ್ಪತ್ತು, ನಾಲ್ಕನೇ ಬ್ಲಾಕ್.

ಸಂಜೆ ಗೋಪಿನಾಥ ಮನೆಗೆ ಬಂದವನು ಚಪ್ಪಲಿ ಬಿಡುವಷ್ಟೂ ಕಾಯಲಿಲ್ಲ.

“ಏನು ಹಾಕಿದ್ದೀಯ ನೀನು ಫೋನಲ್ಲಿ?”

“ಚಿತ್ರ. ಯಾಕೆ?”

“ಬಂಗಲೆ ಅಮ್ಮಾವ್ರು ಫೋನ್ ಮಾಡಿದ್ರು. ಹನ್ನೊಂದು ಇಪ್ಪತ್ತಕ್ಕೆ ಆರು ಆಳು ಮಲ್ಕೊಂಡಿದ್ದಾರೆ, ನೀನೇನು ಹಾಜರಿ ಬರೀತೀಯ ಗೋಪಿನಾಥ ಅಂದ್ರು. ಆರು ಜನಕ್ಕೂ ಅರ್ಧ ಹಾಜರಿ ಹಾಕಿ ಬಂದೆ, ಅರ್ಧ ಕೂಲಿ ಅಷ್ಟೇ.”

ಶೋಭಿತಾಳಿಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ.

“ಆನೆ ಬಂದಿತ್ತಪ್ಪಾ. ಕೂತ್ಕೊಳ್ಳದೆ ಇನ್ನೇನು ಆನೆ ಕಾಲಿಗೆ ಬೀಳಬೇಕಿತ್ತಾ? ನೀವು ಕೇಳಬಾರದಿತ್ತಾ?”

“ನಾನು ಊರಲ್ಲಿರಲಿಲ್ಲ. ಅಮ್ಮಾವ್ರ ಕೈಯಲ್ಲಿ ನಿನ್ನ ಚಿತ್ರ ಇತ್ತು. ಅದರಲ್ಲಿ ಟೈಮಿದೆ, ಆನೆ ಇಲ್ಲ. ನಾನೇನು ಹೇಳಲಿ?”

ಅವಳು ಹಣೆ ಚಚ್ಚಿಕೊಂಡಳು. ಹಿನ್ನೆಲೆ ಬೇಡ ಎಂದ ಸರ್ ಮೇಲೆ, ಅರ್ಧ ಹಾಜರಿ ಹಾಕಿ ಬಂದ ಅಪ್ಪನ ಮೇಲೆ, ಎಲ್ಲ ಬಿಟ್ಟು ಸ್ಟೇಟಸ್ಸಿಗೆ ಹಾಕಿದ ತನ್ನ ಮೇಲೆ ಸಿಟ್ಟು ಬಂತು. ಬೆಳಿಗ್ಗೆ ಲೈನಿನ ಕಡೆ ಹೋದರೆ ಕೆಂಚ ಅವಳನ್ನು ಕಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ರೈಟರ್ ಮಗಳು ಹಾಜರಿ ಪುಸ್ತಕವನ್ನೇ ಚಿತ್ರದಲ್ಲಿ ಬರೆಯುತ್ತಿದ್ದಾಳೆ, ಅಪ್ಪನೇ ಕಳಿಸಿದ್ದಾನೆ ಎಂದು ಲೈನಿನಲ್ಲಿ ಮಾತಾಗಿತ್ತು. ಹುಟ್ಟಿದಾಗಿನಿಂದ ಆ ಲೈನಿನ ಅಂಗಳದಲ್ಲೇ ಆಡಿ ಬೆಳೆದವಳಿಗೆ ಆ ಮಾತು ಕೇಳಿ ಅಳು ಬಂತು.

ಶನಿವಾರ ಬೋಜಮ್ಮ ಬಂಗಲೆಗೆ ಬರುವುದನ್ನೇ ಕಾದಿದ್ದು, ಫಾರೆಸ್ಟಿನವರ ಮೆಸೇಜ್ ತೋರಿಸಿ ಶೋಭಿತಾ ಎಲ್ಲ ಹೇಳಿದಳು. ಬೋಜಮ್ಮ ಕನ್ನಡಕ ಏರಿಸಿ ಮೆಸೇಜ್ ಓದಿದರು.

“ಅಯ್ಯೋ, ಆನೆ ಇತ್ತಾ? ಹಾಗಾದ್ರೆ ಪಾಪ ಅವರದ್ದೇನು ತಪ್ಪು. ಗೋಪಿನಾಥನಿಗೆ ಹೇಳು, ಪೂರ್ತಿ ಹಾಕಲಿ.”

ಇಷ್ಟು ಸುಲಭಕ್ಕೆ ಮುಗಿಯಿತಲ್ಲ ಎಂದು ಶೋಭಿತಾ ಉಸಿರು ಬಿಡುವಷ್ಟರಲ್ಲಿ ಬೋಜಮ್ಮ ಅವಳ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

“ಆದ್ರೂ ನೀನು ಎಷ್ಟು ಚೆನ್ನಾಗಿ ಬರೀತೀಯ ಮಗಳೇ. ನಿಜ ಹೇಳ್ತೀನಿ, ನಿನ್ನ ಚಿತ್ರ ಬರೋಕೆ ಶುರುವಾದ ಮೇಲೆ ಮೈಸೂರಲ್ಲಿ ಕೂತೇ ನನಗೆ ತೋಟ ಕಾಣುತ್ತೆ. ಯಾರು ಎಲ್ಲಿ, ಎಷ್ಟು ಹೊತ್ತಿಗೆ, ಏನು ಮಾಡ್ತಿದ್ದಾರೆ ಅಂತ. ದಿನಾ ಹಾಕು, ನಿಲ್ಲಿಸಬೇಡ.”

ಬೋಜಮ್ಮ ಒಳ್ಳೆಯವರು. ಮನಸ್ಸಿನಲ್ಲಿ ಕೆಟ್ಟದ್ದಿಟ್ಟುಕೊಂಡು ಹೇಳಿದ ಮಾತಲ್ಲ ಅದು. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಕೊಟ್ಟ ಕಾಫಿಯನ್ನು ಬಾಯಿ ಸುಟ್ಟುಕೊಂಡು ಕುಡಿದು ಅವಳು ಎದ್ದು ಬಂದಳು.

ಹಾಜರಿ ಪೂರ್ತಿಯಾಯಿತು. ಜನ ಮಾತ್ರ ಹಿಂದಿನಂತಾಗಲಿಲ್ಲ. ಸೋಮವಾರ ಅವಳು ಬ್ಲಾಕಿಗೆ ಕಾಲಿಟ್ಟದ್ದೇ ತಡ, ಚಹಾ ಕುಡಿಯುತ್ತಿದ್ದವರು ಲೋಟ ಇಟ್ಟು ಎದ್ದರು. ಹತ್ತು ಗಂಟೆ, ಅವರದೇ ಚಹಾದ ಹೊತ್ತು, ಆದರೂ ಎದ್ದರು. ದೊಡ್ಡಿ ಸೊಂಟ ಹಿಡಿದುಕೊಂಡು ಏಳುವುದನ್ನು ನೋಡಲಾಗದೆ ಶೋಭಿತಾ ಪುಸ್ತಕ ಮುಚ್ಚಿದಳು.

“ಅಜ್ಜಿ, ಕೂತ್ಕೊಳ್ಳಿ. ನಾನು ಬರೆಯಲ್ಲ.”

“ಬರಿ ಕೂಸೇ, ನಿನ್ನ ಓದು ಹಾಳಾಗಾದು ಬ್ಯಾಡ. ನಿಂತಿರೋದ ಬರ್ಕೋ. ಕುಂತಿರೋದ ಮಾತ್ರ ಬರೀಬ್ಯಾಡ.”

“ಸ್ಟೇಟಸ್ಸಿಗೆ ಇನ್ನು ಹಾಕಲ್ಲ ಅಜ್ಜಿ.”

“ನೀ ಹಾಕದಿದ್ರೆ ನಿನ್ನ ಮೇಷ್ಟ್ರು ಹಾಕ್ತಾರೆ ಅಂತ ನೀನೇ ಹೇಳಿದ್ದಲ್ವಾ? ಅಮ್ಮಾವ್ರು ಅಲ್ಲೂ ನೋಡ್ತಾರೆ.”

ಶೋಭಿತಾ ತಾನೇ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದ ಮಾತು ಅದು. ಅಲ್ಲೇ ಮಣ್ಣಿನ ಮೇಲೆ ಕೂತು, ಕೂತವರ ಚಿತ್ರವಿದ್ದ ಹಾಳೆಗಳನ್ನೆಲ್ಲ ಒಂದೊಂದಾಗಿ ಹರಿದು ತೆಗೆದಳು. ಹದಿನೇಳು ಹಾಳೆ. ಒಂದೊಂದು ಹರಿಯುವಾಗಲೂ ಅಳು, ಸಿಟ್ಟು ಎರಡೂ ಬರುತ್ತಿದ್ದವು. ದೊಡ್ಡಿ ಆ ಹದಿನೇಳನ್ನೂ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋದಳು. ಥ್ಯಾಂಕ್ಸು ಗೀಂಕ್ಸು ಏನೂ ಹೇಳಲಿಲ್ಲ.

ಉಳಿದ ಹತ್ತು ದಿನ ಶೋಭಿತಾ ಹಲ್ಲು ಕಚ್ಚಿ ಬರೆದಳು. ನಿಂತವರು, ಬಗ್ಗಿದವರು, ಚಿಗುರು ಕೀಳುವವರು, ಮತ್ತೆ ನಿಂತವರು. ಅವಳು ಬಂದರೆ ಸಾಕು, ಎಲ್ಲರ ಬೆನ್ನೂ ಬಿಗಿ. ಗ್ರೂಪಿನಲ್ಲಿ ಸರ್ ಹಳೇ ರಾಗ ಎಳೆದರು: ಮರದ ಗೊಂಬೆಗಳು ವಾಪಸ್ ಬಂದವಲ್ಲ, ಏನಾಯಿತು ನಿನಗೆ? ಹೇಗೋ ನೂರು ತುಂಬಿತು.

ಜೂನ್ ಮೊದಲ ವಾರ ಮೈಸೂರಿನಲ್ಲಿ ಪುಸ್ತಕ ಒಪ್ಪಿಸುವ ದಿನ. ಪ್ರಜ್ಞೇಶ್ ಸರ್ ಅವಳ ಪುಸ್ತಕವನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ತಿರುವಿದರು. ಅವರ ಮುಂದೆ ವಿಭಾಗಗಳ ಪಟ್ಟಿ ಇತ್ತು. ಪೇಂಟಿಂಗಿನಲ್ಲಿ ಇನ್ನೂ ಒಂದು ಜಾಗ ಖಾಲಿ.

“ಆ ಕೂತವರ ಚಿತ್ರಗಳೆಲ್ಲಿ?”

“ಇಲ್ಲ ಸರ್. ಹರಿದೆ.”

“ತಲೆ ಸರಿ ಇದೆಯಾ ನಿನಗೆ? ಇಡೀ ಕ್ಲಾಸಿನಲ್ಲಿ ಅಂಥವು ಇನ್ಯಾರೂ ಬರೆದಿಲ್ಲ.”

ಅವಳು ಆನೆಯಿಂದ ಹಿಡಿದು ಅರ್ಧ ಹಾಜರಿಯವರೆಗೆ ಎಲ್ಲ ಹೇಳಿದಳು. ಸರ್ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯನೇ, ಸ್ವಲ್ಪ ಮೆತ್ತಗಾದರು. ಫೋನ್ ತೆಗೆದು ಗ್ರೂಪಿನಲ್ಲಿ ಹಿಂದಕ್ಕೆ ಹೋಗಿ ಆ ಬುಧವಾರದ ಚಿತ್ರ ತೆರೆದು ಮೇಜಿನ ಮೇಲಿಟ್ಟರು. ದೊಡ್ಡಿ ಕಾಲು ಚಾಚಿ ಕೂತಿದ್ದಳು.

“ಇದೊಂದೇ ಸಾಕು. ಪುಸ್ತಕದಲ್ಲಿ ಇಲ್ಲದಿದ್ದರೂ ಪರವಾಗಿಲ್ಲ, ಇದನ್ನೇ ಲೆಕ್ಕಕ್ಕೆ ಹಿಡೀತೀನಿ. ಆದರೆ ಯಾವ ಚಿತ್ರ ನೋಡಿ ಆರಿಸಿದೆವೋ ಅದೇ ಪೇಜಿಗೆ ಹೋಗಲೇಬೇಕು, ಅದು ಕಾಲೇಜಿನ ನಿಯಮ. ತಾರೀಖು, ಸಮಯ, ಜಾಗ ಎಲ್ಲ ಕತ್ತರಿಸಿ ಹಾಕ್ತೀನಿ. ಆಗ ಯಾರಿಗೇನು ತೊಂದರೆ? ಹೂಂ ಅನ್ನು ಸಾಕು.”

ಶೋಭಿತಾ ಫೋನನ್ನೇ ನೋಡಿದಳು. ಮೂಗಿಲ್ಲ, ಕಣ್ಣಿಲ್ಲ. ಆದರೂ ಆ ಚಾಚಿದ ಕಾಲು, ಸೊಂಟಕ್ಕೆ ಕೊಟ್ಟ ಆ ಕೈ ನೋಡಿದರೆ ಎಸ್ಟೇಟಿನ ನಾಯಿಯೂ ಅದು ಯಾರೆಂದು ಹೇಳುತ್ತಿತ್ತು. ಅವಳಿಗೆ ತಡೆಯಲಾರದಷ್ಟು ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

“ಬೇಡ ಸರ್. ಸಮಯ ಕತ್ತರಿಸಿದ್ರೂ ಗುರುತು ಸಿಕ್ಕಿಬಿಡುತ್ತೆ. ಅಷ್ಟು ಚೆನ್ನಾಗಿ ಬರೆದುಬಿಟ್ಟಿದ್ದೀನಿ.”

ಸರ್ ಪಟ್ಟಿಯನ್ನು ಹತ್ತಿರಕ್ಕೆಳೆದುಕೊಂಡು ಅವಳ ಹೆಸರನ್ನು ಜಾಹೀರಾತು ವಿಭಾಗದ ಕೆಳಗೆ ಬರೆದರು.